ಹಾಸ್ಟೆಲ್ ಹುಡುಗಿಯರ ಮೇಲೆ ಸಜ್ಜೆ ರೊಟ್ಟಿಯ ಪ್ರಯೋಗ: ವಿನ್ಯಾಸ ಮತ್ತು ಒಪ್ಪಿಗೆಯ ಬಗ್ಗೆ ಸಲಹೆ ಬೇಕು

ಸಜ್ಜೆಹೊಲ (ಕೊಪ್ಪಳ)

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯಲ್ಲಿ ಆಹಾರ ಮತ್ತು ಪೋಷಣೆಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ವಿದ್ಯಾರ್ಥಿನಿ. ಕುಷ್ಟಗಿ, ಯಲಬುರ್ಗಾ ಕಡೆಯ ಮಸಾರಿ ಹೊಲಗಳಲ್ಲಿ ಇಂದಿಗೂ ಸಜ್ಜೆ ಬೆಳೆಯುತ್ತಾರೆ. ಆದರೆ ಅದೇ ಊರುಗಳ ಹೆಣ್ಣುಮಕ್ಕಳು ಹಾಸ್ಟೆಲ್ ಸೇರಿದ ಮೇಲೆ ಬಹುಪಾಲು ಅನ್ನವನ್ನೇ ಉಣ್ಣುತ್ತಾರೆ. ಸಜ್ಜೆಯಲ್ಲಿ ಅಕ್ಕಿಗಿಂತ ಕಬ್ಬಿಣದ ಅಂಶ ಬಹಳ ಹೆಚ್ಚು. ಆದ್ದರಿಂದ ದಿನಕ್ಕೊಮ್ಮೆ ಸಜ್ಜೆ ರೊಟ್ಟಿ ಕೊಟ್ಟರೆ ಹದಿಹರೆಯದ ಹುಡುಗಿಯರ ಹಿಮೋಗ್ಲೋಬಿನ್ ಏರುತ್ತದೆಯೇ ಎಂಬುದನ್ನು ನನ್ನ ಪ್ರಬಂಧಕ್ಕಾಗಿ ಪರೀಕ್ಷಿಸಬೇಕೆಂದಿದ್ದೇನೆ.

ಯೋಜನೆ ಹೀಗಿದೆ. ಎರಡು ಹಾಸ್ಟೆಲ್‌ಗಳಲ್ಲಿ 8ರಿಂದ 10ನೇ ತರಗತಿಯ ಹುಡುಗಿಯರ ಬೆರಳಿನ ರಕ್ತವನ್ನು ಪರೀಕ್ಷಿಸಿ, ಹಿಮೋಗ್ಲೋಬಿನ್ ಅತಿ ಕಡಿಮೆ ಇರುವ 30 ಮಂದಿಯನ್ನು ಪ್ರತಿ ಹಾಸ್ಟೆಲ್‌ನಿಂದ ಆರಿಸುತ್ತೇನೆ. ಒಂದು ಹಾಸ್ಟೆಲ್‌ನಲ್ಲಿ ಮೂರು ತಿಂಗಳು ರಾತ್ರಿಯೂಟಕ್ಕೆ ಸಜ್ಜೆ ರೊಟ್ಟಿ, ಇನ್ನೊಂದರಲ್ಲಿ ಎಂದಿನಂತೆ ಅನ್ನ. ಕೊನೆಗೆ ಮತ್ತೊಮ್ಮೆ ರಕ್ತಪರೀಕ್ಷೆ. ಇಬ್ಬರು ವಾರ್ಡನ್‌ಗಳೂ ಒಪ್ಪಿಗೆಪತ್ರಕ್ಕೆ ಸಹಿ ಮಾಡಲು ತಯಾರಿದ್ದಾರೆ. ನನಗಿರುವ ಸಂದೇಹಗಳು ಎರಡು. ಈ 60 ಜನ ಸಾಕೇ? ಕೇವಲ ರೊಟ್ಟಿ ಕೊಡುವ ಕೆಲಸಕ್ಕೂ ಎಥಿಕ್ಸ್ ಕಮಿಟಿಯ (ಅಧ್ಯಯನದಲ್ಲಿ ಭಾಗವಹಿಸುವವರ ಹಿತ ಕಾಯುವ ಸಮಿತಿಯ) ಅನುಮತಿ ಬೇಕೇ?

ಎರೆಹೊಲದ ಮೇಷ್ಟ್ರು (ರಾಯಚೂರು)

ತಂಗಿ, ನಾನು ಸಂಖ್ಯಾಶಾಸ್ತ್ರ ಕಲಿಸುವವನು. ಆದ್ದರಿಂದ ಮೊದಲ ಸಂದೇಹಕ್ಕೆ ಮಾತ್ರ ಉತ್ತರಿಸುತ್ತೇನೆ. ನಿಮ್ಮ ಯೋಜನೆಯಲ್ಲಿ 60 ಜನರಿದ್ದರೂ ಅಷ್ಟೇ, 600 ಜನರಿದ್ದರೂ ಅಷ್ಟೇ. ಏಕೆಂದರೆ ನೀವು ಹೋಲಿಸುತ್ತಿರುವುದು ಹುಡುಗಿಯರನ್ನಲ್ಲ, ಎರಡು ಹಾಸ್ಟೆಲ್‌ಗಳನ್ನು. ಒಂದು ಕಡೆ ಬೇಳೆಯ ಸಾರು ಗಟ್ಟಿಯಾಗಿರಬಹುದು, ಇನ್ನೊಂದು ಕಡೆ ತೆಳುವಾಗಿರಬಹುದು. ಒಂದು ಕಡೆಯ ಕೊಳವೆಬಾವಿಯ ನೀರು ಬೇರೆ, ಅಡುಗೆಯವರ ಕೈ ಬೇರೆ, ಊಟದ ಬೆನ್ನಿಗೇ ಚಹಾ ಕೊಡುವ ಅಭ್ಯಾಸ ಬೇರೆ. ಮೂರು ತಿಂಗಳ ನಂತರ ವ್ಯತ್ಯಾಸ ಕಂಡರೆ ಅದು ರೊಟ್ಟಿಯಿಂದ ಬಂದಿತೋ ಬೇಳೆಯಿಂದ ಬಂದಿತೋ ಎಂದು ಹೇಳುವ ದಾರಿಯೇ ಇರುವುದಿಲ್ಲ.

ಈ ತೊಂದರೆ ದೊಡ್ಡ ಅಧ್ಯಯನಗಳಿಗೂ ತಪ್ಪಿದ್ದಲ್ಲ. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಆರಂಭಿಸಿದಾಗ, ಯಾದಗಿರಿಯ ಮಕ್ಕಳ ಬೆಳವಣಿಗೆಯನ್ನು ಮೊಟ್ಟೆ ಕೊಡದ ಗದಗಿನ ಮಕ್ಕಳ ಬೆಳವಣಿಗೆಯೊಂದಿಗೆ ಹೋಲಿಸಿದ್ದರು. ಮೊಟ್ಟೆ ಒಳ್ಳೆಯದೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಂದು ಜಿಲ್ಲೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟಾಗ ಮೊಟ್ಟೆಯ ಪಾಲೆಷ್ಟು, ಎರಡು ಜಿಲ್ಲೆಗಳ ನಡುವೆ ಮೊದಲೇ ಇದ್ದ ಅಂತರದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಎರಡನೆಯ ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. ನೀವು ಹಿಮೋಗ್ಲೋಬಿನ್ ಅತಿ ಕಡಿಮೆ ಇದ್ದವರನ್ನೇ ಆರಿಸಿಕೊಳ್ಳುತ್ತಿದ್ದೀರಿ. ಯಾವುದೇ ಅಳತೆಯಲ್ಲಿ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಆ ದಿನ ಯಂತ್ರ ಕಡಿಮೆ ತೋರಿಸಿದವರು, ಆ ವಾರ ಜ್ವರದಿಂದ ಎದ್ದವರು, ನಿಜವಾಗಿಯೂ ರಕ್ತಹೀನತೆ ಇರುವವರು, ಎಲ್ಲರೂ ನಿಮ್ಮ ಪಟ್ಟಿಯ ತಳದಲ್ಲಿ ಒಟ್ಟಿಗೆ ಸೇರುತ್ತಾರೆ. ಮತ್ತೆ ಅಳೆದಾಗ ಮೊದಲಿನ ಎರಡು ಬಗೆಯವರ ಅಂಕಿ ರೊಟ್ಟಿ ತಿಂದರೂ ಏರುತ್ತದೆ, ತಿನ್ನದಿದ್ದರೂ ಏರುತ್ತದೆ. ಸರಾಸರಿಯ ಕಡೆಗಿನ ಈ ಮರಳುವಿಕೆಯನ್ನು ಬ್ರಿಟನ್ನಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿಯೇ ತಂದೆತಾಯಿ ಮತ್ತು ಮಕ್ಕಳ ಎತ್ತರದ ಅಂಕಿಗಳಲ್ಲಿ ತೋರಿಸಿದ್ದರು. ಇದೇ ಕಾರಣಕ್ಕೆ ಹೋಲಿಕೆಯ ಗುಂಪಿಲ್ಲದ ‘ಮೊದಲು–ನಂತರ’ ಅಧ್ಯಯನಗಳಲ್ಲಿ ಏನು ಕೊಟ್ಟರೂ ಗುಣ ಕಂಡಂತೆ ತೋರುತ್ತದೆ.

ನೇರ ಮಾತು (ಗಂಗಾವತಿ)

ಸರ್, ನಿಮ್ಮ ಮಾತು ಪುಸ್ತಕಕ್ಕೆ ಸರಿ. ಆದರೆ ಆ ಹುಡುಗಿ ಕೊಡುತ್ತಿರುವುದು ವಿಷವಲ್ಲ, ಔಷಧವೂ ಅಲ್ಲ. ನಮ್ಮ ಅಜ್ಜಿಯರು ದಿನವೂ ಬಡಿದ ರೊಟ್ಟಿ. ಅದಕ್ಕೂ ಕಮಿಟಿ, ಅದಕ್ಕೂ ಪರವಾನಗಿ ಎಂದರೆ ನಮ್ಮ ಭಾಗದ ವಿದ್ಯಾರ್ಥಿಗಳು ಯಾವ ಅಧ್ಯಯನವನ್ನೂ ಮಾಡುವುದಿಲ್ಲ. ಬೆಂಗಳೂರಿನವರು ಬಂದು ನಮ್ಮ ಬಗ್ಗೆ ಬರೆದು ಹೋಗುತ್ತಾರೆ, ನಾವು ಓದುತ್ತೇವೆ. ವಾರ್ಡನ್ ಎಂದರೆ ಹಾಸ್ಟೆಲ್‌ನಲ್ಲಿ ಪಾಲಕರ ಸ್ಥಾನದಲ್ಲಿ ಇರುವವರು. ಅವರ ಸಹಿ ಏಕೆ ಸಾಲದು?

ಕೋಟೆಗುಡ್ಡ (ಬಳ್ಳಾರಿ)

ನಾನು ವೈದ್ಯ, ಕೆಲವು ವರ್ಷ ಒಂದು ಎಥಿಕ್ಸ್ ಕಮಿಟಿಯಲ್ಲಿ ಕುಳಿತಿದ್ದೇನೆ. ವಾರ್ಡನ್ ಸಹಿಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಏಕೆಂದರೆ ನಮ್ಮ ನೆರೆಯಲ್ಲಿಯೇ ಅದು ನಡೆದುಹೋಗಿದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರದಲ್ಲಿ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಕೊಡುವ ಯೋಜನೆಯೊಂದು ಆರಂಭವಾಯಿತು. ಖಮ್ಮಂನಲ್ಲಿ ಅನೇಕ ಹುಡುಗಿಯರು ಹಾಸ್ಟೆಲ್‌ನಲ್ಲಿ ಓದುತ್ತಿದ್ದವರು; ಅವರ ಒಪ್ಪಿಗೆಪತ್ರಗಳಿಗೆ ವಾರ್ಡನ್‌ಗಳು, ಮುಖ್ಯೋಪಾಧ್ಯಾಯರು ಸಹಿ ಮಾಡಿದ್ದರು. 2010ರ ಏಪ್ರಿಲ್‌ನಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು, 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಕಟುವಾದ ವರದಿ ಕೊಟ್ಟಿತು. ಆ ಅವಧಿಯಲ್ಲಿ ಲಸಿಕೆ ಪಡೆದ ಕೆಲವು ಹುಡುಗಿಯರು ತೀರಿಕೊಂಡಿದ್ದರು; ಆ ಸಾವುಗಳಿಗೆ ಲಸಿಕೆಯೇ ಕಾರಣವೆಂದು ವಿಚಾರಣೆಯಲ್ಲಿ ಸಿದ್ಧವಾಗಲಿಲ್ಲ, ಆ ಲಸಿಕೆ ಪ್ರಪಂಚದ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಆದರೂ ತಂದೆತಾಯಿಯನ್ನು ಕೇಳಲಿಲ್ಲ ಎಂಬಂಥ ಲೋಪಗಳಿಂದ ಒಳ್ಳೆಯ ಲಸಿಕೆಯ ಮೇಲಿನ ನಂಬಿಕೆಯೂ ಕುಸಿಯಿತು. ವಾರ್ಡನ್ ಹುಡುಗಿಯ ಊಟ, ರಜೆ, ಶಿಸ್ತು ಎಲ್ಲವನ್ನೂ ಕೈಯಲ್ಲಿ ಹಿಡಿದವರು. ಅವರು ಸಹಿ ಮಾಡಿದ ಮೇಲೆ ‘ನಾನು ಒಲ್ಲೆ’ ಎನ್ನುವ ಧೈರ್ಯ 14 ವರ್ಷದ ಹುಡುಗಿಗೆ ಎಲ್ಲಿಂದ ಬರಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 18 ವರ್ಷದೊಳಗಿನವರಿಗೆ ತಂದೆ ಅಥವಾ ತಾಯಿಯ, ಇಲ್ಲವೇ ಕಾನೂನುಬದ್ಧ ಪೋಷಕರ ಒಪ್ಪಿಗೆ ಬೇಕು. ಅದರ ಜೊತೆಗೆ ಮಗುವಿನ ಸ್ವಂತ ಸಮ್ಮತಿಯೂ ಬೇಕು. 7ರಿಂದ 12 ವರ್ಷದವರೆಗೆ ಅದು ಬಾಯಿಮಾತಿನಲ್ಲಿದ್ದರೆ ಸಾಕು, 12ರಿಂದ 18ರವರೆಗೆ ಬರಹದಲ್ಲಿರಬೇಕು. ಓದು ಬಾರದ ಪೋಷಕರಾದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇದ್ದು, ಎಲ್ಲವನ್ನೂ ಓದಿ ಹೇಳಲಾಯಿತೆಂದು ದಾಖಲಿಸಬೇಕು. ಕಮಿಟಿಯ ಅನುಮತಿ ಬೇಕೇ ಎಂದರೆ, ಖಂಡಿತ ಬೇಕು. ರೊಟ್ಟಿ ನಿರಪಾಯವೇ ಇರಬಹುದು, ಆದರೆ ನೀವು ಮಕ್ಕಳಿಂದ ರಕ್ತ ತೆಗೆಯುತ್ತಿದ್ದೀರಿ ಮತ್ತು ಅವರ ಆರೋಗ್ಯದ ಮಾಹಿತಿಯನ್ನು ಬರೆದಿಟ್ಟುಕೊಳ್ಳುತ್ತಿದ್ದೀರಿ. ನಿಮ್ಮ ಕಾಲೇಜಿನಲ್ಲಿ ಕಮಿಟಿ ಇಲ್ಲದಿದ್ದರೆ ಒಪ್ಪಂದದ ಮೂಲಕ ಬೇರೆ ಸಂಸ್ಥೆಯ ಕಮಿಟಿಯನ್ನು ಆಶ್ರಯಿಸಬಹುದು.

ಇನ್ನೊಂದು ಪ್ರಶ್ನೆ. ಮೊದಲ ದಿನವೇ ಒಬ್ಬ ಹುಡುಗಿಯ ಹಿಮೋಗ್ಲೋಬಿನ್ 7 ಗ್ರಾಂ ಬಂದರೆ ಏನು ಮಾಡುತ್ತೀರಿ? ಈ ವಯಸ್ಸಿನ ಹುಡುಗಿಯರಲ್ಲಿ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 8ಕ್ಕಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ. ನಿಮ್ಮ ಯೋಜನೆಯ ಪ್ರಕಾರ ಆಕೆ ‘ಅತಿ ಕಡಿಮೆ ಇರುವ 30 ಮಂದಿ’ಯಲ್ಲಿ ಮೊದಲಿಗಳು, ಅನ್ನದ ಹಾಸ್ಟೆಲ್‌ನವಳಾಗಿದ್ದರೆ ಮೂರು ತಿಂಗಳು ಸುಮ್ಮನೆ ನೋಡುತ್ತಾ ಕೂರಬೇಕಾಗುತ್ತದೆ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಬಡ ಕಪ್ಪು ಜನರಿಗೆ, ಪೆನಿಸಿಲಿನ್ ಬಂದ ಮೇಲೂ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತಾ ಕುಳಿತರು. ನಿಮ್ಮ ಉದ್ದೇಶ ಅದಲ್ಲವೆಂದು ಬಲ್ಲೆ. ಆದರೆ ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಒಳ್ಳೆಯ ಉದ್ದೇಶದವರೂ ಅಂಥ ದಿನ ‘ಅಧ್ಯಯನ ಮುಗಿಯಲಿ’ ಎಂದುಕೊಳ್ಳುತ್ತಾರೆ.

ಇಬ್ಬರು ಮಕ್ಕಳ ತಾಯಿ (ಯಲಬುರ್ಗಾ)

ನನ್ನ ಹಿರಿಯ ಮಗಳು ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ, ಅದಕ್ಕಾಗಿ ಬರೆಯುತ್ತಿದ್ದೇನೆ. ಶೀರ್ಷಿಕೆಯಲ್ಲಿ ‘ಹುಡುಗಿಯರ ಮೇಲೆ ಪ್ರಯೋಗ’ ಎಂದಿದೆ. ಕಪ್ಪೆಯ ಮೇಲೆ, ಇಲಿಯ ಮೇಲೆ ಪ್ರಯೋಗ ಮಾಡುತ್ತಾರೆ. ನಮ್ಮ ಮಕ್ಕಳ ಮೇಲೆ ಎಂದು ಓದಿದ ಕೂಡಲೇ ಯಾವ ತಾಯಿಗಾದರೂ ಕರುಳು ಚುರ್ ಎನ್ನುತ್ತದೆ.

ನಮ್ಮ ಊರಿನ ಅರ್ಧ ಮನೆಗಳಿಗೆ ದೀಪಾವಳಿಯ ನಂತರ ಬೀಗ ಬೀಳುತ್ತದೆ. ಬೆಂಗಳೂರು, ಗೋವಾ ಎಂದು ಗುಳೆ ಹೋದವರು ಮುಂಗಾರಿನ ಹೊತ್ತಿಗೆ ಮರಳುತ್ತಾರೆ. ಅವರ ಮಕ್ಕಳೇ ಹಾಸ್ಟೆಲ್‌ನಲ್ಲಿ ಹೆಚ್ಚಾಗಿ ಇರುವವರು. ಜನವರಿಯಲ್ಲಿ ಪಾಲಕರ ಸಹಿ ಬೇಕೆಂದರೆ ಸಿಗುವುದು ಅಜ್ಜ ಅಜ್ಜಿಯರ ಹೆಬ್ಬೆಟ್ಟು ಮಾತ್ರ. ಒಪ್ಪಿಗೆ ಕೇಳುವುದಾದರೆ ಜೂನ್‌ನಲ್ಲಿ, ಮಕ್ಕಳನ್ನು ಹಾಸ್ಟೆಲ್‌ಗೆ ಬಿಡಲು ತಂದೆತಾಯಿ ತಾವೇ ಬಂದಾಗ ಕೇಳಿರಿ. ಅವರು ಕಟ್ಟೆಯ ಮೇಲೆ ಕುಳಿತು ನಾಲ್ಕು ಪ್ರಶ್ನೆ ಕೇಳುವಷ್ಟು ಸಮಯ ಕೊಡಿರಿ.

ಸಜ್ಜೆಹೊಲ (ಕೊಪ್ಪಳ)

ಅಕ್ಕಾ, ‘ಮೇಲೆ’ ಎಂಬ ಮಾತಿಗೆ ಕ್ಷಮೆ ಕೋರುತ್ತೇನೆ. ಶೀರ್ಷಿಕೆಯನ್ನು ಈಗ ತಿದ್ದಲು ಬರುವುದಿಲ್ಲವಾದರೂ ಪ್ರಬಂಧದಲ್ಲಿ ‘ಹುಡುಗಿಯರೊಂದಿಗೆ’ ಎಂದು ಬರೆಯುತ್ತೇನೆ.

ಮೇಷ್ಟ್ರು ಹೇಳಿದ್ದನ್ನು ಓದಿ ಬೇರೆ ಯೋಜನೆ ಯೋಚಿಸಿದೆ. ಎರಡು ಹಾಸ್ಟೆಲ್ ಬೇಡ, ಒಂದೇ ಹಾಸ್ಟೆಲ್‌ನಲ್ಲಿ ಹುಡುಗಿಯರ ಹೆಸರಿನ ಚೀಟಿ ಎತ್ತಿ ಅರ್ಧ ಜನರಿಗೆ ಸಜ್ಜೆ ರೊಟ್ಟಿ, ಅರ್ಧ ಜನರಿಗೆ ಅನ್ನ ಕೊಟ್ಟರೆ ಹೇಗೆ? ಅಡುಗೆ, ನೀರು, ಚಹಾ ಎಲ್ಲವೂ ಎರಡೂ ಗುಂಪಿಗೆ ಒಂದೇ ಆಗುತ್ತದೆ.

ಎರೆಹೊಲದ ಮೇಷ್ಟ್ರು (ರಾಯಚೂರು)

ಚೀಟಿ ಎತ್ತುವುದು ಸರಿಯಾದ ಹೆಜ್ಜೆ. ಆದರೆ ಒಂದೇ ಪಂಕ್ತಿಯಲ್ಲಿ ಕುಳಿತ ಇಬ್ಬರು ಗೆಳತಿಯರ ತಟ್ಟೆಗಳಲ್ಲಿ ಒಬ್ಬಳಿಗೆ ಬಿಸಿ ರೊಟ್ಟಿ, ಇನ್ನೊಬ್ಬಳಿಗೆ ಅನ್ನ ಎಂದರೆ ರೊಟ್ಟಿ ಅರ್ಧರ್ಧವಾಗಿ ಹಂಚಿಹೋಗುವುದನ್ನು ನೀವಾಗಲೀ ವಾರ್ಡನ್ ಆಗಲೀ ತಡೆಯಲಾರಿರಿ, ತಡೆಯಲೂಬಾರದು. ಹಾಗಾಗದಂತೆ ಇಡೀ ಹಾಸ್ಟೆಲ್‌ಗಳನ್ನೇ ಚೀಟಿ ಎತ್ತಿ ಹಂಚಬಹುದು; ಆದರೆ ಆಗ ಲೆಕ್ಕ ಬೆಳೆಯುತ್ತದೆ. ನೋಡಿ: ಎರಡು ಗುಂಪುಗಳ ನಡುವೆ ಅರ್ಧ ಗ್ರಾಂ ವ್ಯತ್ಯಾಸವನ್ನು ಹಿಡಿಯಬೇಕು, ಹುಡುಗಿಯಿಂದ ಹುಡುಗಿಗೆ ಇರುವ ಏರುಪೇರಿನ ಅಳತೆ (ಮಾನಕ ವಿಚಲನೆ) 1.5 ಗ್ರಾಂ ಎಂದುಕೊಳ್ಳೋಣ. ಶೇ 5ರ ಮಟ್ಟದಲ್ಲಿ (ಅಂದರೆ ಇಲ್ಲದ ವ್ಯತ್ಯಾಸ ಇದೆಯೆಂದು ತಪ್ಪಾಗಿ ಕಾಣುವ ಸಾಧ್ಯತೆ ಶೇ 5), ನಿಜವಾದ ವ್ಯತ್ಯಾಸವಿದ್ದರೆ ಅದನ್ನು ಕಾಣುವ ಸಾಧ್ಯತೆ ಶೇ 80 ಇರಬೇಕೆಂದರೆ, ಒಬ್ಬೊಬ್ಬರನ್ನೇ ಹಂಚುವ ವಿಧಾನದಲ್ಲಿ ಗುಂಪಿಗೆ ಸುಮಾರು 141 ಜನ ಬೇಕು. ಹಾಸ್ಟೆಲ್‌ಗಳನ್ನೇ ಹಂಚಿದರೆ, ಒಂದೇ ಸೂರಿನಡಿ ಇರುವವರು ಒಂದೇ ಬಗೆಯಾಗಿರುವುದರಿಂದ, ಆ ಸಂಖ್ಯೆಯನ್ನು ಹಿಗ್ಗಿಸಬೇಕು. ಹಾಸ್ಟೆಲ್‌ಗೆ 20 ಹುಡುಗಿಯರು, ಒಳಹೋಲಿಕೆಯ ಗುಣಾಂಕ (ಒಂದೇ ಹಾಸ್ಟೆಲ್‌ನವರು ಪರಸ್ಪರ ಎಷ್ಟು ಹೋಲುತ್ತಾರೆಂಬ ಅಳತೆ) 0.05 ಎಂದಾದರೆ 1 + 19 × 0.05, ಅಂದರೆ 1.95 ಪಟ್ಟು. ಗುಂಪಿಗೆ 275 ಹುಡುಗಿಯರು, 14 ಹಾಸ್ಟೆಲ್‌ಗಳು. ಎರಡೂ ಸೇರಿ 28 ಹಾಸ್ಟೆಲ್‌ಗಳು. ಶುರುವಿನ ಅಳತೆಯನ್ನು ಲೆಕ್ಕಕ್ಕೆ ಸೇರಿಸಿಕೊಂಡರೆ ಸ್ವಲ್ಪ ಇಳಿಯುತ್ತದೆ, ನಡುವೆ ಬಿಟ್ಟುಹೋಗುವವರಿಗಾಗಿ ಸ್ವಲ್ಪ ಏರುತ್ತದೆ.

ನಾನು ಕಲಿಯುತ್ತಿದ್ದಾಗ ಒಂದು ಸಮೀಕ್ಷೆಯಲ್ಲಿ ಈ ಲೆಕ್ಕ ಮಾಡದೆ, ಸಿಕ್ಕಷ್ಟು ಮಕ್ಕಳ ರಕ್ತ ತೆಗೆಸಿ, ಕೊನೆಗೆ ‘ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ’ ಎಂದು ಬರೆದಿದ್ದೆ. ವ್ಯತ್ಯಾಸ ಇದ್ದಿದ್ದರೂ ನನ್ನ ಅಧ್ಯಯನಕ್ಕೆ ಅದು ಕಾಣುತ್ತಿರಲಿಲ್ಲವೆಂದು ವರ್ಷಗಳ ನಂತರ ತಿಳಿಯಿತು. ಆ ಮಕ್ಕಳಿಗೆ ಸೂಜಿ ಚುಚ್ಚಿದ್ದು ವ್ಯರ್ಥವಾಯಿತು. ಆದ್ದರಿಂದ ಡಾಕ್ಟರು ಹೇಳುತ್ತಿರುವ ವಿಷಯವೂ ನಾನು ಹೇಳುತ್ತಿರುವ ವಿಷಯವೂ ಬೇರೆಬೇರೆ ಎಂದು ನನಗೆ ಅನಿಸುವುದಿಲ್ಲ.

ನೇರ ಮಾತು (ಗಂಗಾವತಿ)

28 ಹಾಸ್ಟೆಲ್! ಸ್ನಾತಕೋತ್ತರ ವಿದ್ಯಾರ್ಥಿನಿಗೆ ಆರು ತಿಂಗಳಲ್ಲಿ, ತನ್ನ ಖರ್ಚಿನಲ್ಲಿ? ಹಾಗಾದರೆ ಪ್ರಬಂಧಗಳೆಲ್ಲವನ್ನೂ ಹೊಳೆಗೆ ಹಾಕಬೇಕೇ?

ಎರೆಹೊಲದ ಮೇಷ್ಟ್ರು (ರಾಯಚೂರು)

ಇಲ್ಲ, ಪ್ರಶ್ನೆಯನ್ನು ಬದಲಿಸಬೇಕು. ಸಣ್ಣ ಅಧ್ಯಯನಕ್ಕೆ ಸಣ್ಣ ಪ್ರಶ್ನೆ ಒಪ್ಪುತ್ತದೆ. ‘ಹಾಸ್ಟೆಲ್ ಅಡುಗೆಮನೆಯಲ್ಲಿ 80 ಹುಡುಗಿಯರಿಗೆ ದಿನವೂ ಸಜ್ಜೆ ರೊಟ್ಟಿ ಮಾಡಲು ಸಾಧ್ಯವೇ, ಎಷ್ಟು ರೊಟ್ಟಿ ತಿನ್ನುತ್ತಾರೆ, ಎಷ್ಟು ಬಿಡುತ್ತಾರೆ, ಎರಡನೆಯ ತಿಂಗಳೂ ತಿನ್ನುತ್ತಾರೆಯೇ’ ಎಂಬುದು ನಿಜವಾಗಿಯೂ ಯಾರಿಗೂ ಉತ್ತರ ತಿಳಿಯದ ಪ್ರಶ್ನೆ. ಇದಕ್ಕೆ ಒಂದೆರಡು ಹಾಸ್ಟೆಲ್ ಸಾಕು, ರಕ್ತ ಬೇಕಿಲ್ಲ, ತಕ್ಕಡಿ ಬೇಕು. ದೊಡ್ಡ ಪ್ರಯೋಗ ಮಾಡುವವರಿಗೆ ಮುಂದೆ ಈ ಅಂಕಿಗಳೇ ಆಧಾರವಾಗುತ್ತವೆ.

ರಕ್ತದ ಪ್ರಶ್ನೆಯೇ ಬೇಕೆಂದರೆ ಇನ್ನೊಂದು ದಾರಿಯಿದೆ. ಸಜ್ಜೆಗೆ ಎದುರಾಗಿ ಅನ್ನವನ್ನು ಇಡಬೇಡಿ; ಸಜ್ಜೆಗೆ ಸಜ್ಜೆಯನ್ನೇ ಇಡಿ. ಕಬ್ಬಿಣಾಂಶ ಹೆಚ್ಚಿರುವ ‘ಧನಶಕ್ತಿ’ಯಂಥ ತಳಿಗಳಿವೆ. ಮಹಾರಾಷ್ಟ್ರದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 12ರಿಂದ 16 ವರ್ಷದ 246 ಮಕ್ಕಳಿಗೆ ಹೀಗೆಯೇ ಎರಡು ಬಗೆಯ ಸಜ್ಜೆಯ ಭಾಕರಿ ಕೊಟ್ಟಿದ್ದರು. ಕಬ್ಬಿಣ ಹೆಚ್ಚಿದ್ದ ತಳಿ ತಿಂದವರಲ್ಲಿ ನಾಲ್ಕು ತಿಂಗಳಿಗೆ ರಕ್ತದ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ಅಂಶ) ಮಟ್ಟ ಉತ್ತಮಗೊಂಡಿತ್ತು. ಈ ವಿನ್ಯಾಸದ ಚೆಂದ ನೋಡಿ: ಎರಡೂ ರೊಟ್ಟಿಗಳೇ ಆದ್ದರಿಂದ ಯಾವುದು ಯಾವುದೆಂದು ತಿನ್ನುವವರಿಂದಲೂ, ಬಡಿಸುವವರಿಂದಲೂ, ರಕ್ತ ಅಳೆಯುವವರಿಂದಲೂ ಮುಚ್ಚಿಡಬಹುದು. ಅನ್ನ–ರೊಟ್ಟಿಯಲ್ಲಿ ಅದು ಎಂದಿಗೂ ಸಾಧ್ಯವಿಲ್ಲ. ಯಾವ ಗುಂಪಿಗೂ ಕಡಿಮೆ ಊಟ ಕೊಟ್ಟಂತೆಯೂ ಆಗುವುದಿಲ್ಲ.

ಹಂಚಿಕೆಯ ಪಟ್ಟಿ ನಿಮ್ಮ ಕೈಯಲ್ಲಿ ಇರಬಾರದೆಂಬುದನ್ನೂ ಮರೆಯಬೇಡಿ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೋಮೈಸಿನ್ ಎಂಬ ಕ್ಷಯದ ಔಷಧದ ಪ್ರಯೋಗದಲ್ಲಿ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಅವರು ಮುಚ್ಚಿದ ಲಕೋಟೆಗಳನ್ನು ಬಳಸಿದ್ದು ಇದಕ್ಕಾಗಿಯೇ. ರೋಗಿಯನ್ನು ಸೇರಿಸಿಕೊಳ್ಳುವ ವೈದ್ಯನಿಗೆ ಮುಂದಿನ ಚೀಟಿಯಲ್ಲಿ ಏನಿದೆ ಎಂದು ತಿಳಿದಿದ್ದರೆ, ಕನಿಕರದಿಂದಲೇ ಆದರೂ, ಅವನು ಸರದಿಯನ್ನು ಅತ್ತಿತ್ತ ಮಾಡುತ್ತಾನೆ.

ಕೋಟೆಗುಡ್ಡ (ಬಳ್ಳಾರಿ)

ಮೇಷ್ಟ್ರು ಹೇಳಿದ ‘ಯಾರಿಗೂ ಉತ್ತರ ತಿಳಿಯದ ಪ್ರಶ್ನೆ’ ಎಂಬ ಮಾತಿಗೆ ಒಂದು ಉದಾಹರಣೆ ಸೇರಿಸುತ್ತೇನೆ. 1956ರಲ್ಲಿ ಮದ್ರಾಸಿನಲ್ಲಿ ಕ್ಷಯರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಿಟೋರಿಯಂನಲ್ಲಿಯೂ (ಕ್ಷಯದ ಆಸ್ಪತ್ರೆಯಲ್ಲಿಯೂ) ಇನ್ನೊಂದಕ್ಕೆ ಮನೆಯಲ್ಲಿಯೂ ಒಂದೇ ಔಷಧವನ್ನು ಒಂದು ವರ್ಷ ಕೊಡುವ ಅಧ್ಯಯನ ಆರಂಭವಾಯಿತು. ಮನೆಯವರು ಬಡವರು, ಇಕ್ಕಟ್ಟಾದ ಮನೆ, ಕಡಿಮೆ ಊಟ, ವಿಶ್ರಾಂತಿಯಿಲ್ಲ. ಆಸ್ಪತ್ರೆಯವರಿಗೆ ಒಳ್ಳೆಯ ಊಟ, ಹಾಸಿಗೆ, ಆರೈಕೆ. ಆದರೂ ಫಲಿತಾಂಶ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಮನೆಯ ಇತರರಿಗೆ ಸೋಂಕು ತಗಲುವ ಅಪಾಯವೂ ಹೆಚ್ಚಲಿಲ್ಲ. ಅಷ್ಟು ರೋಗಿಗಳಿಗೆ ದೇಶದಲ್ಲಿ ಹಾಸಿಗೆಗಳೇ ಇರಲಿಲ್ಲ, ಯಾವುದು ಮೇಲು ಎಂಬುದು ಪ್ರಾಮಾಣಿಕವಾಗಿ ಗೊತ್ತಿರಲಿಲ್ಲ. ಆದ್ದರಿಂದಲೇ ಆ ಹಂಚಿಕೆ ನ್ಯಾಯವಾಗಿತ್ತು. ತೀವ್ರ ರಕ್ತಹೀನತೆಗೆ ಕಬ್ಬಿಣದ ಚಿಕಿತ್ಸೆ ಬೇಕೆಂಬುದು ಗೊತ್ತಿರುವ ವಿಷಯ; ಅದನ್ನು ಚೀಟಿ ಎತ್ತಿ ನಿರ್ಧರಿಸುವಂತಿಲ್ಲ. 8 ಗ್ರಾಂಗಿಂತ ಕಡಿಮೆ ಇದ್ದವರನ್ನು ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವ ಏರ್ಪಾಡನ್ನು ಪ್ರಬಂಧದ ಮೊದಲ ಪುಟದಲ್ಲಿಯೇ ಬರೆಯಿರಿ.

ಬೆರಳ ತುದಿ (ಸಿಂಧನೂರು)

ಹತ್ತು ವರ್ಷಗಳಿಂದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ದೊಡ್ಡವರ ಚರ್ಚೆಯ ನಡುವೆ ನನ್ನದು ಕೆಳಹಂತದ ಮಾತು, ಆದರೆ ಅಧ್ಯಯನಗಳು ಹಾಳಾಗುವುದು ಹೆಚ್ಚಾಗಿ ಈ ಹಂತದಲ್ಲಿಯೇ.

ಬೆರಳಿನ ರಕ್ತ ರಕ್ತನಾಳದಿಂದ ತೆಗೆದ ರಕ್ತಕ್ಕಿಂತ ಹೆಚ್ಚು ಏರುಪೇರಾಗುತ್ತದೆ. ಮೊದಲ ಹನಿಯನ್ನು ಒರೆಸಬೇಕು. ಬೆರಳನ್ನು ಹಿಂಡಿದರೆ ಅಂಗಾಂಶದ ದ್ರವ ಬೆರೆತು ಅಂಕಿ ಇಳಿಯುತ್ತದೆ. ಶುರುವಿನಲ್ಲಿ ಒಬ್ಬರು, ಕೊನೆಯಲ್ಲಿ ಇನ್ನೊಬ್ಬರು ಚುಚ್ಚಿದರೆ ನೀವು ಅಳೆಯುವುದು ಚುಚ್ಚಿದವರ ಕೈಯನ್ನೇ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಮೂರಕ್ಕೆ ತೆಗೆದ ರಕ್ತವೂ ಡಿಸೆಂಬರ್‌ನ ಬೆಳಿಗ್ಗೆ ತೆಗೆದ ರಕ್ತವೂ ಒಂದೇ ಅಲ್ಲ. ಮೈಯ ನೀರು ಬತ್ತಿದಾಗ ರಕ್ತ ಗಟ್ಟಿಯಾಗಿ ಅಂಕಿ ಏರುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಮೂರು ತಿಂಗಳಲ್ಲಿ ಹಳೆಯ ಕಣಗಳೇ ಇನ್ನೂ ಮುಗಿದಿರುವುದಿಲ್ಲ. ಫೆರಿಟಿನ್ ಅಳೆಯುವುದಾದರೆ ಸಿಆರ್‌ಪಿಯನ್ನೂ (ಮೈಯಲ್ಲಿ ಉರಿಯೂತ ಇದೆಯೇ ಎಂದು ತೋರಿಸುವ ಅಂಶ) ಅಳೆಯಿರಿ. ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ.

ಇನ್ನು ಮೂರು ಸಂಗತಿಗಳನ್ನು ದಾಖಲಿಸದಿದ್ದರೆ ಲೆಕ್ಕ ಕೆಡುತ್ತದೆ: ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆ (ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ), ಫೆಬ್ರವರಿ ಮತ್ತು ಆಗಸ್ಟ್‌ನ ಜಂತುಹುಳು ಮಾತ್ರೆ, ಮತ್ತು ಊಟದ ಜೊತೆಗಿನ ಚಹಾ. ಸಜ್ಜೆಯಲ್ಲಿರುವ ಫೈಟೇಟ್ ಮೊದಲೇ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಚಹಾ ಕುಡಿದರೆ ಇನ್ನಷ್ಟು ಕಡಿಮೆ ದಕ್ಕುತ್ತದೆ. ನಿಂಬೆಹಣ್ಣು ಹಿಂಡಿದರೆ ದಕ್ಕುವುದು ಹೆಚ್ಚುತ್ತದೆ.

ಕೋಟೆಗುಡ್ಡ (ಬಳ್ಳಾರಿ)

ಕೆಳಹಂತದ ಮಾತಲ್ಲ, ನಾನು ಬರೆಯಲು ಮರೆತ ಮಾತು. ಒಂದನ್ನು ಮಾತ್ರ ಸೇರಿಸುತ್ತೇನೆ: ‘ಲೆಕ್ಕ ಶುದ್ಧವಾಗಿರಲಿ’ ಎಂದು ಅಧ್ಯಯನದ ಅವಧಿಯಲ್ಲಿ ನೀಲಿ ಮಾತ್ರೆಯನ್ನು ನಿಲ್ಲಿಸುವ ಆಲೋಚನೆ ಯಾರಿಗೂ ಬರಬಾರದು. ಎರಡೂ ಗುಂಪಿಗೆ ಕೊಡಿ, ಯಾರು ಎಷ್ಟು ನುಂಗಿದರೆಂದು ಬರೆದುಕೊಳ್ಳಿ.

ಎರೆಹೊಲದ ಮೇಷ್ಟ್ರು (ರಾಯಚೂರು)

ಸಿಂಧನೂರಿನವರ ಪಟ್ಟಿ ನೋಡಿದ ಮೇಲೆ ಇನ್ನೊಂದು ಎಚ್ಚರಿಕೆ. ಹಿಮೋಗ್ಲೋಬಿನ್, ಫೆರಿಟಿನ್, ತೂಕ, ಎತ್ತರ, ಹಾಜರಿ, ಪರೀಕ್ಷೆಯ ಅಂಕ, ಆಯಾಸ ಎಂದು ಇಪ್ಪತ್ತು ಸಂಗತಿಗಳನ್ನು ಅಳೆದು, ಯಾವುದರಲ್ಲಿ ವ್ಯತ್ಯಾಸ ಕಂಡಿತೋ ಅದನ್ನೇ ಶೀರ್ಷಿಕೆ ಮಾಡುವ ಚಾಳಿ ನಮ್ಮಲ್ಲಿ ಬಹಳ. ರೊಟ್ಟಿಯಿಂದ ಏನೂ ಆಗದಿದ್ದರೂ, ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳಲ್ಲಿ ಕನಿಷ್ಠ ಒಂದು ಶೇ 5ರ ಮಟ್ಟದಲ್ಲಿ ‘ಗಮನಾರ್ಹ’ವಾಗಿ ಕಾಣುವ ಸಾಧ್ಯತೆ ಸುಮಾರು ಶೇ 64. ಮನಶ್ಶಾಸ್ತ್ರದ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಮೂಲದಲ್ಲಿ ಶೇ 97ರಷ್ಟು ಗಮನಾರ್ಹವಾಗಿದ್ದವು ಮರುಪ್ರಯೋಗದಲ್ಲಿ ಶೇ 36ಕ್ಕೆ ಇಳಿದಿದ್ದವು. ಮುಖ್ಯ ಅಳತೆ ಯಾವುದು, ಯಾವ ದಿನ ಅಳೆಯುತ್ತೇನೆ, ಹೇಗೆ ಲೆಕ್ಕ ಹಾಕುತ್ತೇನೆ ಎಂಬುದನ್ನು ಮೊದಲ ಹುಡುಗಿ ಸೇರುವ ಮೊದಲೇ ಬರೆದು ನೋಂದಾಯಿಸಿರಿ. ಇಂಥ ಪ್ರಯೋಗಗಳನ್ನು ನೋಂದಾಯಿಸುವ ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆ 2007ರಿಂದ ಇದೆ. 2018ರ ಏಪ್ರಿಲ್‌ನಿಂದ ಅಲ್ಲಿ ಪ್ರಯೋಗ ಶುರುವಾದ ಮೇಲೆ ನೋಂದಾಯಿಸಲು ಬರುವುದಿಲ್ಲ.

ನೇರ ಮಾತು (ಗಂಗಾವತಿ)

ನನ್ನ ಕೆಲವು ಮಾತುಗಳನ್ನು ಹಿಂದಕ್ಕೆ ಪಡೆಯುತ್ತೇನೆ. ವಾರ್ಡನ್ ಸಹಿಯ ಮಾತು ಅದರಲ್ಲಿ ಮೊದಲನೆಯದು. ಆದರೆ ಒಂದರಲ್ಲಿ ಇನ್ನೂ ಒಪ್ಪಿಲ್ಲ. ಭಾಗವಹಿಸಿದವರಿಗೆ ಏನಾದರೂ ಕೊಟ್ಟರೆ ಅದು ಆಮಿಷವೆಂದು ಕಮಿಟಿಯವರು ಹೇಳುತ್ತಾರೆಂದು ಕೇಳಿದ್ದೇನೆ. ಎರಡು ಸಲ ರಕ್ತ ಕೊಟ್ಟ ಮಗುವಿಗೆ ಒಂದು ನೋಟ್‌ಬುಕ್, ದಿನದ ಕೂಲಿ ಬಿಟ್ಟು ಸಹಿ ಮಾಡಲು ಬಂದ ತಂದೆಗೆ ಬಸ್ ಚಾರ್ಜು ಕೊಟ್ಟರೆ ಅದು ಆಮಿಷವೇ? ಬರಿಗೈಯಲ್ಲಿ ಕಳುಹಿಸುವುದೇ ಅನ್ಯಾಯವೆಂದು ನನ್ನ ಅಭಿಪ್ರಾಯ.

ಕೋಟೆಗುಡ್ಡ (ಬಳ್ಳಾರಿ)

ಇದರಲ್ಲಿ ನೀವೇ ಸರಿ. ಪ್ರಯಾಣದ ಖರ್ಚು, ಕಳೆದ ಕೂಲಿ ಕೊಡುವುದಕ್ಕೆ ಅಡ್ಡಿಯಿಲ್ಲ, ಕೊಡಬೇಕು ಕೂಡ. ಮೊತ್ತವನ್ನು ಕಮಿಟಿಗೆ ಮೊದಲೇ ತಿಳಿಸಿದರಾಯಿತು. ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ತಂದೆಯನ್ನು ಒಪ್ಪಿಸುವಷ್ಟು ದೊಡ್ಡ ಹಣವಾದಾಗ ಮಾತ್ರ ಅದು ಆಮಿಷ. ನೋಟ್‌ಬುಕ್ ಕೊಡುವುದಾದರೆ ಒಪ್ಪದ ಹುಡುಗಿಯರಿಗೂ ಕೊಡಿ. ಇಲ್ಲದಿದ್ದರೆ ಯಾರ ಕೈಯಲ್ಲಿ ಹೊಸ ನೋಟ್‌ಬುಕ್ ಇಲ್ಲವೋ ಅವರು ಒಲ್ಲೆ ಎಂದವರೆಂದು ಇಡೀ ಹಾಸ್ಟೆಲ್‌ಗೆ ತಿಳಿಯುತ್ತದೆ.

ಸಜ್ಜೆಹೊಲ (ಕೊಪ್ಪಳ)

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮಾರ್ಗದರ್ಶಕರೊಂದಿಗೆ ಮಾತನಾಡಿ ಪ್ರಶ್ನೆಯನ್ನು ಬದಲಿಸಿದೆ. ನನ್ನ ಪ್ರಬಂಧ ಈಗ ರೊಟ್ಟಿಯ ಒಪ್ಪಿತತೆಯ ಬಗ್ಗೆ: ಎರಡು ಹಾಸ್ಟೆಲ್‌ಗಳಲ್ಲಿ ಎಂಟು ವಾರ, ತಟ್ಟೆಯಲ್ಲಿ ಉಳಿದದ್ದನ್ನು ತೂಕ ಮಾಡುವುದು, ಅಡುಗೆಯವರ ಸಮಯ ಮತ್ತು ಉರುವಲಿನ ಲೆಕ್ಕ. ರಕ್ತವನ್ನು ಒಂದೇ ಸಲ, ಸ್ವತಃ ಒಪ್ಪಿದವರಿಂದ ಮಾತ್ರ, ತೀವ್ರ ರಕ್ತಹೀನತೆಯನ್ನು ಗುರುತಿಸಿ ಚಿಕಿತ್ಸೆಗೆ ಕಳುಹಿಸುವುದಕ್ಕಾಗಿ ಮತ್ತು ದೊಡ್ಡ ಪ್ರಯೋಗಕ್ಕೆ ಬೇಕಾದ ಏರುಪೇರಿನ ಅಂದಾಜಿಗಾಗಿ ತೆಗೆಯುತ್ತೇವೆ. ಕಮಿಟಿಗೆ ಅರ್ಜಿ ಹೋಗಿದೆ. ಪೋಷಕರ ಒಪ್ಪಿಗೆ ಜೂನ್‌ನಲ್ಲಿ.

ಮಾಹಿತಿಪತ್ರವನ್ನು ಅಧ್ಯಯನಕ್ಕೆ ಸೇರದ ನಾಲ್ಕು ಹುಡುಗಿಯರಿಗೆ ಓದಿ ಹೇಳಿ, ಅವರಿಗೆ ಏನು ಅರ್ಥವಾಯಿತೆಂದು ಅವರ ಮಾತಿನಲ್ಲಿಯೇ ಹೇಳಿಸಿದೆ. ‘ಯಾದೃಚ್ಛಿಕ’, ‘ಗೌಪ್ಯತೆ’ ಎಂಬ ಪದಗಳು ಯಾರಿಗೂ ತಿಳಿಯಲಿಲ್ಲ, ತೆಗೆದುಹಾಕಿದೆ. ‘ಯಾವಾಗ ಬೇಕಾದರೂ ಬಿಟ್ಟುಹೋಗಬಹುದು’ ಎಂಬ ಸಾಲನ್ನು ಒಬ್ಬಳು ಹಾಸ್ಟೆಲ್ ಬಿಟ್ಟುಹೋಗಬೇಕೆಂದು ತಿಳಿದಿದ್ದಳು. ಇನ್ನೊಬ್ಬಳು ಎಲ್ಲವನ್ನೂ ಕೇಳಿ, ‘ನನ್ನ ರಕ್ತ ಕಡಿಮೆ ಅದ ಅಂತ ನಮ್ಮ ಅವ್ವ ಅಪ್ಪಗ ಗೊತ್ತಾದರ ಸಾಲಿ ಬಿಡಿಸಿ ಮನಿಗೆ ಕರಕೊಂಡು ಹೋಗ್ತಾರೇನು?’ ಎಂದು ಕೇಳಿದಳು. ನನ್ನ ಪತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಪೋಷಕರಿಗೆ ಫಲಿತಾಂಶ ತಿಳಿಸಲೇಬೇಕು, ಆದರೆ ಆಕೆಯ ಭಯವೂ ಸುಳ್ಳಲ್ಲ. ಏನು ಬರೆಯಲಿ?

ಇಬ್ಬರು ಮಕ್ಕಳ ತಾಯಿ (ಯಲಬುರ್ಗಾ)

ತಂಗಿ, ಫಲಿತಾಂಶವನ್ನು ಚೀಟಿಯಲ್ಲಿ ಬರೆದು ಕಳುಹಿಸಬೇಡಿರಿ. ‘ರಕ್ತ ಇಲ್ಲ’ ಎಂದು ಚೀಟಿಯಲ್ಲಿ ಓದಿದರೆ ಹೆದರಿ ಕರೆದುಕೊಂಡು ಬರುವವರು ನಮ್ಮಲ್ಲಿ ಇದ್ದಾರೆ. ಮದುವೆಯ ಮಾತು ನಡೆಯುತ್ತಿರುವ ಮನೆಯಾದರೆ ಅದನ್ನು ಮುಚ್ಚಿಡುವವರೂ ಇದ್ದಾರೆ. ಜೂನ್‌ನಲ್ಲಿ ಒಪ್ಪಿಗೆ ಕೇಳುವಾಗಲೇ, ಇದು ಬಹಳ ಮಕ್ಕಳಲ್ಲಿ ಇರುವಂಥದ್ದು, ಮಾತ್ರೆ ಮತ್ತು ಊಟದಿಂದ ಸರಿಹೋಗುತ್ತದೆ, ಓದು ಬಿಡಿಸಬೇಕಾಗಿಲ್ಲ ಎಂದು ತಂದೆತಾಯಿಗೆ ಎದುರಿಗೇ ಹೇಳಿರಿ. ಆಮೇಲೆ ಯಾರದ್ದಾದರೂ ಕಡಿಮೆ ಬಂದರೆ ನರ್ಸಮ್ಮನವರಿಂದ ಫೋನ್ ಮಾಡಿಸಿರಿ, ಹುಡುಗಿಯನ್ನು ಪಕ್ಕದಲ್ಲಿಯೇ ಕೂರಿಸಿಕೊಂಡು. ಆಕೆ ಕೇಳಿದ ಪ್ರಶ್ನೆಯನ್ನು ಆಕೆಯ ಮಾತಿನಲ್ಲಿಯೇ ಮಾಹಿತಿಪತ್ರದಲ್ಲಿ ಅಚ್ಚು ಮಾಡಿಸಿ, ಕೆಳಗೆ ಉತ್ತರ ಬರೆಯಿರಿ. ಉಳಿದ ಹುಡುಗಿಯರೂ ಅದನ್ನೇ ಕೇಳಬೇಕೆಂದು ಇರುತ್ತಾರೆ.

ಸಜ್ಜೆಹೊಲ (ಕೊಪ್ಪಳ)

ಹಾಗೆಯೇ ಬರೆಯುತ್ತೇನೆ, ಅಕ್ಕಾ. ತಿದ್ದಿದ ಪತ್ರವನ್ನು ಕಮಿಟಿಗೆ ಮತ್ತೆ ಕಳುಹಿಸಬೇಕಾಗುತ್ತದೆ; ನಾಳೆಯೇ ಕಳುಹಿಸುತ್ತೇನೆ.